ಡಬ್ಬದ ಕಾಳೂ ಮಡಕೆಯ ಕಾಳೂ

ನಮ್ಮ ಶಾಲೆಯ ಹಾಜರಿ ಪುಸ್ತಕವನ್ನು ತಿರುವಿ ನೋಡಿದರೆ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬೀಳುತ್ತದೆ. ಸಂಕ್ರಾಂತಿ ಕಳೆದು, ಹಸಿ ಅವರೆಕಾಯಿಯ ಕಾಲ ಮುಗಿದ ಮೇಲೆ ಮೊದಲನೆಯ ಪಿರಿಯಡ್ಡಿಗೆ ತಡವಾಗಿ ಬರುವ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚುತ್ತದೆ. ಮಳೆಗಾಲದಲ್ಲಿ ತಡವಾದರೆ ಹಳ್ಳ, ಕೆಸರು, ಬಸ್ಸು ಎಂದು ಕಾರಣ ಹೇಳಬಹುದು. ಬಿಸಿಲು ಚೆನ್ನಾಗಿರುವ ಫೆಬ್ರವರಿ ತಿಂಗಳಿನಲ್ಲಿ ಏಕೆ ತಡ? ಇದನ್ನು ನಾವು ಬಹಳ ದಿನ ಸೋಮಾರಿತನವೆಂದೇ ತಿಳಿದಿದ್ದೆವು.

ಒಂದು ದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, "ಕಾಳು ಬೇಯಲಿಲ್ಲ ಸಾರ್" ಎಂದಳು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾವೂ ನಕ್ಕೆವೆಂಬುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ. ಆದರೆ ಮಧ್ಯಾಹ್ನ ಅವಳನ್ನು ಕರೆದು ಕೇಳಿದಾಗ ನಗು ನಿಂತುಹೋಯಿತು. ಅವಳ ತಾಯಿ ಬೆಳಿಗ್ಗೆ ಆರು ಗಂಟೆಯ ವ್ಯಾನಿಗೆ ಗುಲಾಬಿ ತೋಟಕ್ಕೆ ಹೋಗುತ್ತಾರೆ. ತಂದೆಗೆ ಹೊಸೂರಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿ, ಐದನೆಯ ತರಗತಿಯ ತಮ್ಮ. ಅವ್ವ ಒಲೆಯ ಮೇಲೆ ಒಣ ಅವರೆಕಾಳು ಇಟ್ಟು ಹೊರಡುತ್ತಾಳೆ. ಅದು ಬೆಂದಮೇಲೆ ಸಾರು ಕೂಡಿಸಿ, ಮುದ್ದೆ ಕಟ್ಟಿ, ಇಬ್ಬರಿಗೂ ಬಡಿಸಿ ಈ ಹುಡುಗಿ ಶಾಲೆಗೆ ಬರಬೇಕು. ಹಸಿ ಕಾಳು ಅರ್ಧ ಗಂಟೆಯೊಳಗೆ ಬೇಯುತ್ತಿತ್ತು. ಒಣಕಾಳು ಎರಡು ಗಂಟೆಯಾದರೂ ಕಲ್ಲಿನಂತೆ ಕೂತಿರುತ್ತದೆ. ಮೊದಲನೆಯ ಪಿರಿಯಡ್ಡು ಗಣಿತ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮುಂದಿದ್ದ ಹುಡುಗಿ ಗಣಿತದಲ್ಲಿ ಹಿಂದೆ ಬೀಳುತ್ತಿದ್ದಳು. ವಿಚಾರಿಸಿದರೆ ಇವಳಂತೆಯೇ ಇನ್ನೂ ನಾಲ್ಕೈದು ಮಕ್ಕಳಿದ್ದರು.

ಹೀಗೆ ನಮ್ಮ ವಿಜ್ಞಾನದ ಪಾಠಕ್ಕೆ ಒಂದು ಹೊಸ ವಿಷಯ ಸಿಕ್ಕಿತು. ಕಾಳು ಏಕೆ ಬೇಯುವುದಿಲ್ಲ?

ಇದೇ ಸಮಯಕ್ಕೆ ಸರಿಯಾಗಿ ವಿದೇಶದಲ್ಲಿ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಊರಿಗೆ ಬಂದವರು ಶಾಲೆಗೂ ಬಂದರು. ಮಕ್ಕಳಿಗೆ ಪೆನ್ನು, ಚಾಕೊಲೇಟಿನ ಜೊತೆಗೆ ಒಂದು ತಗಡಿನ ಡಬ್ಬವನ್ನೂ ಕೊಟ್ಟುಹೋದರು. ಡಬ್ಬದ ಮೇಲೆ ಕಾಳಿನ ಚಿತ್ರವಿತ್ತು. "ಅಲ್ಲಿ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ದಿನ ಇದರಲ್ಲೇ ಹುಳಿ, ಇದರಲ್ಲೇ ಉಸಲಿ" ಎಂದು ಅವರು ಹೇಳಿದಾಗ ಮಕ್ಕಳು ಬೆರಗಾದರು. ಡಬ್ಬ ಬಿಚ್ಚುವ ಸಾಧನ ಶಾಲೆಯಲ್ಲಿ ಇರಲಿಲ್ಲವಾದ್ದರಿಂದ ಮರಗೆಲಸದ ಉಳಿ, ಸುತ್ತಿಗೆ ತರಿಸಿ ಜೋಪಾನವಾಗಿ ಕತ್ತರಿಸಬೇಕಾಯಿತು. ಇದಕ್ಕಾಗಿ ನಾಚಿಕೊಳ್ಳಬೇಕಾದ್ದೇನೂ ಇಲ್ಲ. ಡಬ್ಬ ಹುಟ್ಟಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಯೂರೋಪಿನವರೂ ಅದನ್ನು ಉಳಿ ಸುತ್ತಿಗೆಯಿಂದಲೇ ಬಿಚ್ಚುತ್ತಿದ್ದರು. ಡಬ್ಬ ಬಿಚ್ಚುವ ಉಪಕರಣ ಬಂದದ್ದು 1850ರ ದಶಕದಲ್ಲಿ.

ಒಳಗೆ ಇದ್ದದ್ದು ಅಲಸಂದೆ. ನಮ್ಮ ಹೊಲದ ಅಲಸಂದೆಯೇ, ಕಪ್ಪು ಕಣ್ಣಿನ ಬಿಳಿ ಕಾಳು. ಮೆತ್ತಗೆ ಬೆಂದು, ಸ್ವಲ್ಪ ಉಪ್ಪಾದ ಮಂದ ನೀರಿನಲ್ಲಿ ಮುಳುಗಿತ್ತು. "ಯಾವಾಗ ಬೇಯಿಸಿದ್ದು ಸಾರ್?" ಎಂದು ಒಬ್ಬ ಹುಡುಗ ಕೇಳಿದ. ಡಬ್ಬದ ಮೇಲಿನ ತಾರೀಖು ನೋಡಿದರೆ ಒಂದು ವರ್ಷದ ಹಿಂದೆ! ನಮ್ಮ ಮನೆಗಳಲ್ಲಿ ಬೆಳಿಗ್ಗೆ ಬೇಯಿಸಿದ ಕಾಳು ಬೇಸಿಗೆಯಲ್ಲಿ ಸಂಜೆಗೆ ಹಳಸುತ್ತದೆ. ಇದು ವರ್ಷ ಕಳೆದರೂ ಹಳಸಲಿಲ್ಲವೇಕೆ?

ಇದರ ಹಿಂದೆ ಒಂದು ಕಥೆ ಇದೆ. ಫ್ರಾನ್ಸ್ ದೇಶದಲ್ಲಿ ನಿಕೊಲಾ ಅಪ್ಪೇರ್ ಎಂಬ ಮಿಠಾಯಿಗಾರನಿದ್ದ. ಆಹಾರವನ್ನು ಗಾಜಿನ ಬಾಟಲಿಗಳಲ್ಲಿ ತುಂಬಿ, ಬಿರಡೆ ಬಿಗಿದು, ಬಾಟಲಿ ಸಮೇತ ಕುದಿಯುವ ನೀರಿನಲ್ಲಿ ಬಹಳ ಹೊತ್ತು ಇಟ್ಟರೆ ಅದು ಕೆಡುವುದಿಲ್ಲವೆಂದು ಅವನು ವರ್ಷಗಟ್ಟಲೆ ಪ್ರಯೋಗ ಮಾಡಿ ಕಂಡುಕೊಂಡ. 1810ರಲ್ಲಿ ಫ್ರೆಂಚ್ ಸರ್ಕಾರ ಅವನಿಗೆ 12,000 ಫ್ರಾಂಕುಗಳ ಬಹುಮಾನ ಕೊಟ್ಟಿತು. ವಿಧಾನವನ್ನು ಗುಟ್ಟಾಗಿಡದೆ ಪುಸ್ತಕವಾಗಿ ಅಚ್ಚು ಹಾಕಿಸಬೇಕೆಂಬುದೇ ಷರತ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡುರಾಂಡ್ ಎಂಬಾತ ಗಾಜಿನ ಬದಲು ತಗಡಿನ ಡಬ್ಬಕ್ಕೆ ಪೇಟೆಂಟ್ ಪಡೆದ. ಸ್ವಾರಸ್ಯವೇನೆಂದರೆ, ಆಹಾರ ಏಕೆ ಕೆಡುವುದಿಲ್ಲ ಎಂಬುದು ಅಪ್ಪೇರನಿಗೆ ತಿಳಿದಿರಲೇ ಇಲ್ಲ. ಕೆಡಿಸುವುವು ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಎಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಸುಮಾರು ಅರ್ಧ ಶತಮಾನದ ಅನಂತರ.

ಡಬ್ಬ ಎಂದರೆ ಎಲ್ಲೋ ದೂರದ ದೇಶದ ಮಾತು ಎಂದು ನಮ್ಮ ಮಕ್ಕಳು ಭಾವಿಸಬಾರದು. ನಮ್ಮ ಜಿಲ್ಲೆಯ ಕೃಷ್ಣಗಿರಿಯ ಸುತ್ತಮುತ್ತ ಮಾವಿನ ತಿರುಳನ್ನು ಡಬ್ಬಕ್ಕೆ ತುಂಬುವ ಕಾರ್ಖಾನೆಗಳು ಅನೇಕ ಇವೆ. ಗಿಣಿಮೂತಿಯ ತೋತಾಪುರಿ ಮಾವು ಜೂನ್, ಜುಲೈ ತಿಂಗಳುಗಳಲ್ಲಿ ಲಾರಿಗಟ್ಟಲೆ ಅಲ್ಲಿಗೆ ಹೋಗಿ, ತಿರುಳಾಗಿ, ಡಬ್ಬದಲ್ಲಿ ಕುಳಿತು ಸಮುದ್ರ ದಾಟುತ್ತದೆ. ಹಾಗಾದರೆ ನಮ್ಮ ಅವರೆಕಾಳನ್ನೂ ಮನೆಯಲ್ಲೇ ಬಾಟಲಿಗೆ ತುಂಬಿ, ನೀರಿನಲ್ಲಿ ಕುದಿಸಿ ಇಡಬಹುದಲ್ಲವೇ? ಈ ಪ್ರಶ್ನೆಯನ್ನು ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ, ಆದರೆ ಉತ್ತರ ಖಂಡಿತವಾಗಿ "ಕೂಡದು" ಎಂಬುದೇ. ಮಾವಿನ ತಿರುಳಿನಲ್ಲಿ ಹುಳಿ ಇದೆ. ಹುಳಿ ಇರುವ ಕಡೆ ಅಪಾಯಕಾರಿ ಸೂಕ್ಷ್ಮಜೀವಿಗಳು ಬೆಳೆಯಲಾರವು, ಆದ್ದರಿಂದ ಕುದಿನೀರಿನ ಶಾಖವೇ ಸಾಕು. ಕಾಳಿನಲ್ಲಿ ಹುಳಿ ಇಲ್ಲ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಮಣ್ಣಿನ ಸೂಕ್ಷ್ಮಜೀವಿಯೊಂದಿದೆ; ಅದರ ಬೀಜಾಣುಗಳು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿದು, ಗಾಳಿಯಿಲ್ಲದ ಬಾಟಲಿಯೊಳಗೆ ಮೊಳೆತು, ಪ್ರಾಣ ತೆಗೆಯುವಂಥ ವಿಷವನ್ನು ತಯಾರಿಸುತ್ತವೆ. ಅವುಗಳನ್ನು ಕೊಲ್ಲಲು ಕಾರ್ಖಾನೆಯಲ್ಲಿ ಡಬ್ಬಗಳನ್ನು ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖಕ್ಕೆ ಏರಿಸಿ, ಅಳತೆಯ ಸಮಯ ಇಡುತ್ತಾರೆ. ಇದು ಮನೆಯಲ್ಲಿ ಅಂದಾಜಿನ ಮೇಲೆ ಮಾಡುವ ಕೆಲಸವಲ್ಲ. ಅಂಗಡಿಯಿಂದ ತಂದ ಡಬ್ಬವೇ ಆಗಲಿ, ಉಬ್ಬಿದ್ದರೆ, ಸೋರುತ್ತಿದ್ದರೆ, ಬಿಚ್ಚಿದಾಗ ಬುಸ್ಸೆಂದು ಚಿಮ್ಮಿದರೆ ರುಚಿ ಕೂಡ ನೋಡದೆ ಎಸೆಯಬೇಕು. ಬಿಚ್ಚಿದ ಮೇಲೆ ಮಿಕ್ಕದ್ದನ್ನು ಡಬ್ಬದಲ್ಲೇ ಬಿಡದೆ ಬೇರೆ ಪಾತ್ರೆಗೆ ಬಗ್ಗಿಸಿ ತಂಪು ಪೆಟ್ಟಿಗೆಯಲ್ಲಿಡಬೇಕು.

ಡಬ್ಬದ ಕಾಳನ್ನು ಕೀಳಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಪರದೇಶದಲ್ಲಿ ನೆಲಸಿರುವ ಕನ್ನಡದ ಮನೆಗಳಲ್ಲಿ ಗಂಡಹೆಂಡಿರಿಬ್ಬರೂ ದುಡಿದು ಸಂಜೆ ಮನೆಗೆ ಬಂದಾಗ ಅದು ದೊಡ್ಡ ಉಪಕಾರ. ಕಡಲೆಕಾಳು, ಅಲಸಂದೆ, ರಾಜ್ಮಾ ಎಲ್ಲವೂ ಅಲ್ಲಿ ಡಬ್ಬದಲ್ಲಿ ಸಿಗುತ್ತವೆ. ಮೇಲಿನ ಉಪ್ಪುನೀರನ್ನು ಬಸಿದು, ತಣ್ಣೀರಿನಲ್ಲಿ ಒಮ್ಮೆ ತೊಳೆದು, ಒಗ್ಗರಣೆಗೆ ಹಾಕಿ, ನಿಂಬೆಹಣ್ಣು ಹಿಂಡಿದರೆ ಹತ್ತು ನಿಮಿಷಕ್ಕೆ ಉಸಲಿ. ಅವರೆಕಾಳು ಮಾತ್ರ ಅವರಿಗೆ ಹೆಚ್ಚಾಗಿ ಹೆಪ್ಪುಗಟ್ಟಿಸಿದ ಪೊಟ್ಟಣದಲ್ಲಿ, ಭಾರತೀಯರ ಅಂಗಡಿಯಲ್ಲಿ, ಗುಜರಾತಿ ಹೆಸರಿನಲ್ಲಿ ಸಿಗುತ್ತದಂತೆ. ಸೊಗಡು ಇರುವುದಿಲ್ಲವೆಂದು ನಮ್ಮ ಹಳೆಯ ವಿದ್ಯಾರ್ಥಿ ನೊಂದುಕೊಂಡರು. ಸೊಗಡೆಂಬುದು ಕಾಯಿಯ ಸಿಪ್ಪೆಯ ಮೇಲಿನ ಎಣ್ಣೆಯಂಥ ಪದಾರ್ಥದಿಂದ ಬರುವುದು. ತಳಿಯ ಮಾರ್ಗಶಿರದ ಇಬ್ಬನಿಯಲ್ಲಿ ಕಾಯಿ ಬಿಡಿಸಿದವರ ಕೈಬೆರಳಿಗೆ ಅದು ಎರಡು ದಿನ ಅಂಟಿಕೊಂಡಿರುತ್ತದೆ. ಪೊಟ್ಟಣದಲ್ಲಿ ಅದನ್ನು ಹುಡುಕಿದರೆ ಎಲ್ಲಿಂದ ಬರಬೇಕು?

ಆದರೆ ಲೆಕ್ಕ ಬೇರೆಯ ಮಾತು. 400 ಗ್ರಾಂ ಎಂದು ಬರೆದಿರುವ ಡಬ್ಬದಲ್ಲಿ ನೀರನ್ನು ಬಸಿದರೆ ಉಳಿಯುವುದು ಸುಮಾರು 240 ಗ್ರಾಂ ಬೆಂದ ಕಾಳು. ಇಷ್ಟಾಗಲು ಒಣಕಾಳು 100 ಗ್ರಾಂ ಸಾಕು. ಅಂದರೆ ಮನೆಯಲ್ಲಿರುವ ಒಂದು ಕಿಲೋ ಕಾಳು ಹತ್ತು ಡಬ್ಬಕ್ಕೆ ಸಮ. ಹೊಸೂರಿನ ದೊಡ್ಡ ಅಂಗಡಿಯಲ್ಲಿ ಡಬ್ಬದ ಬೆಲೆ ಎಷ್ಟು, ತಳಿಯ ಸಂತೆಯಲ್ಲಿ ಒಂದು ಕಿಲೋ ಅಲಸಂದೆಯ ಬೆಲೆ ಎಷ್ಟು ಎಂದು ವಿಚಾರಿಸಿ ಹೋಲಿಸುವುದನ್ನು ಮಕ್ಕಳಿಗೆ ಮನೆಗೆಲಸವಾಗಿ ಕೊಟ್ಟೆವು. ಉತ್ತರಗಳು ಬಂದಾಗ ಆ ಡಬ್ಬದ ಬಗ್ಗೆ ಇದ್ದ ಬೆರಗು ಅರ್ಧಕ್ಕಿಳಿಯಿತು.

ನಮ್ಮ ಸೀಮೆಗೂ ಒಂದು ಡಬ್ಬ ಇದೆ. ಅದು ಒಣಗಿದ ಕಾಳೇ. ಇಲ್ಲಿ ರಾಗಿಯ ಹೊಲದಲ್ಲಿ ಬರಿಯ ರಾಗಿ ಬಿತ್ತುವವರು ಹಿಂದೆ ಕಡಿಮೆ. ನಡುನಡುವೆ ಅಕ್ಕಡಿ ಸಾಲು ಹಿಡಿದು ಅವರೆ, ತೊಗರಿ, ಅಲಸಂದೆ, ಸಾಸಿವೆ ಹಾಕುತ್ತಿದ್ದರು. ರಾಗಿ ಕೈಕೊಟ್ಟರೂ ಅಕ್ಕಡಿ ಕಾಯುತ್ತಿತ್ತು. ಮಳೆ ಹಿಂದೆ ಸರಿದು ಬೇರಾವುದನ್ನೂ ಬಿತ್ತಲಾಗದ ವರ್ಷ ಹುರುಳಿಯನ್ನು ಚೆಲ್ಲುತ್ತಿದ್ದರು. ಇವೆಲ್ಲವೂ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆಂದು ಜೀವಶಾಸ್ತ್ರದ ಪಾಠದಲ್ಲಿ ಓದಿದ್ದೀರಿ. ಒಣಗಿದ ಅವರೆ, ತೊಗರಿಗೆ ಕೆಮ್ಮಣ್ಣಿನ ಬಗ್ಗಡ ಬಳಿದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಗುಡಾಣಕ್ಕೆ ತುಂಬುವುದನ್ನು ಅಜ್ಜಿಯಂದಿರ ಮನೆಯಲ್ಲಿ ಈಗಲೂ ನೋಡಬಹುದು. ಕಾಳು ಕೊರೆಯುವ ಹುಳು ಮೊಟ್ಟೆ ಇಡಬೇಕಾದರೆ ಸಿಪ್ಪೆಯ ನುಣುಪು ಬೇಕು. ಮಣ್ಣಿನ ಲೇಪ ಅದಕ್ಕೆ ಅಡ್ಡಿ. ತಗಡೂ ಇಲ್ಲ, ಒತ್ತಡದ ಹಬೆಯೂ ಇಲ್ಲ, ಕಾಳು ಮುಂದಿನ ಸುಗ್ಗಿಯವರೆಗೆ ಉಳಿಯುತ್ತದೆ. ಕಾರ್ಖಾನೆ ಕಾಳನ್ನು ಬೇಯಿಸಿ ಮುಚ್ಚುತ್ತದೆ, ನಾವು ಒಣಗಿಸಿ ಮುಚ್ಚುತ್ತೇವೆ. ಬೇಯಿಸುವ ಶ್ರಮವೊಂದು ನಮ್ಮ ಪಾಲಿಗೆ ಉಳಿದಿದೆ, ಅಷ್ಟೆ. ಆ ಶ್ರಮ ಯಾರ ತಲೆಯ ಮೇಲೆ ಬೀಳುತ್ತಿದೆ ಎಂಬುದು ಹಾಜರಿ ಪುಸ್ತಕದಲ್ಲಿ ಗೊತ್ತಾಯಿತು.

ಒಂದು ಶನಿವಾರ ಶಾಲೆಯ ಹಿಂಭಾಗದಲ್ಲಿ ನಾಲ್ಕು ಒಲೆ ಹೂಡಿ, ನಾಲ್ಕು ಪಾತ್ರೆಗಳಲ್ಲಿ ನೂರು ನೂರು ಗ್ರಾಂ ಒಣ ಅವರೆಕಾಳನ್ನು ಬೇಯಲಿಟ್ಟೆವು. ಮೊದಲನೆಯದರಲ್ಲಿ ನೆನೆಸದ ಕಾಳು, ಕೊಳವೆಬಾವಿಯ ನೀರು. ಎರಡನೆಯದರಲ್ಲಿ ಹಿಂದಿನ ರಾತ್ರಿ ನೆನೆಸಿದ ಕಾಳು, ಅದೇ ನೀರು. ಮೂರನೆಯದರಲ್ಲಿ ನೆನೆಸಿದ ಕಾಳು, ಮಳೆಯ ಕಾಲದಲ್ಲಿ ತೊಟ್ಟಿಗೆ ಹಿಡಿದಿಟ್ಟ ನೀರು. ನಾಲ್ಕನೆಯದು ಎರಡನೆಯದರಂತೆಯೇ, ಆದರೆ ಆರಂಭದಲ್ಲೇ ಹುಣಿಸೆಹಣ್ಣಿನ ರಸ ಬೆರೆಸಿದ್ದು. ಹತ್ತು ನಿಮಿಷಕ್ಕೊಮ್ಮೆ ಒಂದು ಕಾಳು ತೆಗೆದು ಬೆರಳಿನಲ್ಲಿ ಹಿಸುಕಿ ನೋಡುವುದು ಮಕ್ಕಳ ಕೆಲಸ. ಮೊದಲು ಬೆಂದದ್ದು ಮಳೆನೀರಿನದು. ಸ್ವಲ್ಪ ಹೊತ್ತಿನಲ್ಲೇ ಎರಡನೆಯದು ಬೆಂದಿತು. ಇವೆರಡೂ ಒಂದು ಗಂಟೆಯೊಳಗೆ ಇಳಿದವು. ನೆನೆಸದ ಕಾಳಿಗೆ ಎರಡು ಗಂಟೆಗೆ ಹತ್ತಿರವಾಯಿತು. ಹುಣಿಸೆಯ ಪಾತ್ರೆಯನ್ನು ಮಧ್ಯಾಹ್ನದ ಗಂಟೆ ಬಾರಿಸಿದಾಗ ಬೇಯದೆಯೇ ಇಳಿಸಿ, ಕಾಳನ್ನು ಕೋಳಿಗೂ ಹಾಕಲಾಗದೆ ಗೊಬ್ಬರದ ಗುಂಡಿಗೆ ಚೆಲ್ಲಿದೆವು.

ಏಕೆ ಹೀಗೆ? ಕಾಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಗಾರೆಯಂಥ ವಸ್ತುವಿಗೆ ಪೆಕ್ಟಿನ್ ಎಂದು ಹೆಸರು. ಅದು ಕರಗಿದರೆ ಕಾಳು ಮೆತ್ತಗಾಗುತ್ತದೆ. ಗಡಸು ನೀರಿನ ಸುಣ್ಣದ ಅಂಶ ಪೆಕ್ಟಿನ್ನನ್ನು ಬಿಗಿಗೊಳಿಸುತ್ತದೆ; ಹುಳಿ ಅದನ್ನು ಕರಗಲು ಬಿಡುವುದಿಲ್ಲ. ಹಳೆಯದಾದ ಕಾಳು, ಅದರಲ್ಲೂ ಸೆಕೆ ತೇವಗಳಲ್ಲಿ ವರ್ಷ ಕಳೆದ ಕಾಳು, ಎಷ್ಟು ಬೇಯಿಸಿದರೂ ಗಟ್ಟಿ. ಇವಲ್ಲದೆ ತಳಿಯವರಿಗೆ ಮಾತ್ರ ಇರುವ ಇನ್ನೊಂದು ಕಾರಣವೂ ಉಂಟು. ನಮ್ಮ ಊರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 3,000 ಅಡಿ ಎತ್ತರದಲ್ಲಿದೆ. ತಂಪಾದ ಹವೆಗೆ ಮಾರುಹೋಗಿ ಬ್ರಿಟಿಷರು ಇದನ್ನು ಪುಟ್ಟ ಇಂಗ್ಲೆಂಡ್ ಎಂದು ಕರೆದರೆಂದು ಹೇಳುವುದುಂಟು. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಬೇಗ ಕುದಿಯುತ್ತದೆ. ಮದರಾಸಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ನಮ್ಮಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಬೆಂಕಿ ಎಷ್ಟು ಜೋರು ಮಾಡಿದರೂ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಮೇಲೆ ಏರದು, ಸೌದೆ ವ್ಯರ್ಥ. ಕಡಲ ತೀರದ ಮಡಕೆಗಿಂತ ನಮ್ಮ ಮಡಕೆಯಲ್ಲಿ ಕಾಳು ನಿಧಾನವಾಗಿ ಬೇಯುವುದು ಆ ಮೂರು ಡಿಗ್ರಿಯ ಕಾರಣದಿಂದ.

ಈ ಮೂರು ಡಿಗ್ರಿಯನ್ನು ಗೆಲ್ಲುವ ಉಪಕರಣವೇ ಪ್ರೆಷರ್ ಕುಕ್ಕರ್. ಫ್ರಾನ್ಸಿನ ಡೆನಿ ಪಾಪಾಂ ಎಂಬ ವಿಜ್ಞಾನಿ 1679ರಲ್ಲಿ ಇದರ ಮೂಲರೂಪವನ್ನು ಮಾಡಿ ಮೂಳೆಯನ್ನೂ ಮೆತ್ತಗೆ ಬೇಯಿಸಿ ತೋರಿಸಿದ. ಹಬೆಯನ್ನು ಹೊರಗೆ ಬಿಡದೆ ಹಿಡಿದರೆ ಒತ್ತಡ ಏರಿ, ನೀರಿನ ಕುದಿಯುವ ಬಿಂದು 120 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ಪ್ರೆಸ್ಟೀಜ್ ಕುಕ್ಕರುಗಳು ನಮ್ಮ ಹೊಸೂರಿನಲ್ಲೂ ತಯಾರಾಗುತ್ತವೆ. ಆದರೂ ನಮ್ಮ ಮಕ್ಕಳ ಮನೆಗಳಲ್ಲಿ ಕೆಲವು ಕಡೆ ಕುಕ್ಕರು ಇದ್ದು, ಸೀಟಿಯ ಭಯದಿಂದ ಅಟ್ಟದ ಮೇಲೆ ಕುಳಿತಿತ್ತು. ಭಯ ಪೂರ್ತಿ ಅನ್ಯಾಯವಲ್ಲ. ಕಾಳು, ನೀರು ಎರಡೂ ಸೇರಿ ಅರ್ಧ ಪಾತ್ರೆಗಿಂತ ಹೆಚ್ಚಿರಬಾರದು. ಏಕೆಂದರೆ ಕಾಳು ಉಬ್ಬುತ್ತದೆ, ನೊರೆಯೂ ಸಿಪ್ಪೆಯೂ ಏರಿ ಹಬೆಯ ದಾರಿಯನ್ನು ಮುಚ್ಚಬಹುದು. ಸೀಟಿಯ ರಂಧ್ರವನ್ನು ಪ್ರತಿ ಸಲವೂ ಬೆಳಕಿಗೆ ಹಿಡಿದು ನೋಡಬೇಕು. ಒತ್ತಡ ತಾನಾಗಿ ಇಳಿಯುವ ಮುಂಚೆ ಮುಚ್ಚಳಕ್ಕೆ ಕೈ ಹಾಕಬಾರದು. ಎಂಟನೆಯ ತರಗತಿಗಿಂತ ಕೆಳಗಿನ ಮಕ್ಕಳು ದೊಡ್ಡವರಿಲ್ಲದಾಗ ಇದನ್ನು ಮುಟ್ಟಲೇಬಾರದೆಂದು ನಮ್ಮ ಅಭಿಪ್ರಾಯ.

ಕುಕ್ಕರು ಇರಲಿ, ಇಲ್ಲದಿರಲಿ, ಅರ್ಧ ಕೆಲಸ ಹಿಂದಿನ ರಾತ್ರಿಯೇ ಆಗಬೇಕು. ರಾತ್ರಿ ಊಟವಾದ ಮೇಲೆ ಕಾಳನ್ನು ಆರಿಸಿ, ತೊಳೆದು, ಕಾಳಿನ ಮೂರರಷ್ಟು ನೀರಿನಲ್ಲಿ ನೆನೆಹಾಕಬೇಕು. ಇದಕ್ಕೆ ಐದು ನಿಮಿಷ ಸಾಕು, ಬೆಂಕಿಯೂ ಬೇಡ; ಐದನೆಯ ತರಗತಿಯ ಹುಡುಗ ಧಾರಾಳವಾಗಿ ಮಾಡಬಹುದು. ಬೆಳಿಗ್ಗೆ ಕಾಳು ಉಬ್ಬಿ ಎರಡರಷ್ಟು ತೂಕವಾಗಿರುತ್ತದೆ. ನೆನೆದ ನೀರನ್ನು ಚೆಲ್ಲಿ ಹೊಸ ನೀರು ಹಾಕಬೇಕು. ಹೊಟ್ಟೆ ಉಬ್ಬರಿಸುವ ಕೆಲವು ಬಗೆಯ ಸಕ್ಕರೆಗಳು ಅದರೊಡನೆ ಹೋಗುತ್ತವೆ. ಒಣ ಅವರೆಯಲ್ಲಿರುವ ಕಹಿ ಅಂಶವೂ ಕಡಿಮೆಯಾಗುತ್ತದೆ. ಉಪ್ಪು ಮೊದಲೇ ಹಾಕಿದರೆ ಕಾಳು ಬೇಯುವುದಿಲ್ಲವೆಂಬ ನಂಬಿಕೆ ಇದೆಯಷ್ಟೆ. ಇದು ಅಷ್ಟು ನಿಜವಲ್ಲ. ನೆನೆಹಾಕುವ ನೀರಿಗೆ ಒಂದು ಚಿಟಿಕೆ ಉಪ್ಪು ಬಿದ್ದರೆ ಸಿಪ್ಪೆ ಮೆತ್ತಗಾಗುವುದೇ ಹೆಚ್ಚು. ಹುಣಿಸೆ, ಟೊಮೇಟೊಗಳನ್ನು ಮಾತ್ರ ಕಾಳು ಬೆಂದ ಮೇಲೆಯೇ ಹಾಕಬೇಕು. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದೇನೋ ಸರಿ. ಆದರೆ ಥಯಾಮಿನ್ ಎಂಬ ಬಿ ಜೀವಸತ್ತ್ವ ನಾಶವಾಗುತ್ತದೆ, ಸಾರಿಗೆ ಸಬ್ಬಕ್ಕಾರದ ವಾಸನೆ ಬರುತ್ತದೆ. ನೆನೆಹಾಕಲು ಮರೆತವರು ಕಾಳನ್ನು ಎರಡು ಮೂರು ನಿಮಿಷ ಕುದಿಸಿ, ಒಲೆಯಿಂದ ಇಳಿಸಿ, ಮುಚ್ಚಿ ಒಂದು ಗಂಟೆ ಬಿಟ್ಟು ಅನಂತರ ಬೇಯಿಸಲಿ. ರಾತ್ರಿಯ ನೆನೆಗೆ ಪೂರ್ತಿ ಸಮವಲ್ಲದಿದ್ದರೂ ಬಹುಮಟ್ಟಿಗೆ ಕೆಲಸ ನಡೆಯುತ್ತದೆ.

ಇನ್ನು ಊಟದ ಮಾತು. ಆರು ಜನರ ಮನೆಗೆ ಕಾಲು ಕಿಲೋ ಹುರುಳಿಯಿಂದ ಎರಡು ಪದಾರ್ಥ ಮಾಡುವ ಬಗೆಯನ್ನು ಶಾಲೆಯ ಮಕ್ಕಳೆಲ್ಲ ಕಲಿತರು. ಹುಡುಗರೂ ಕಲಿತರೆಂದು ಬೇರೆ ಹೇಳಬೇಕಾಗಿದೆ, ಏಕೆಂದರೆ ಮೊದಲ ದಿನ ಅವರು ಸೌದೆ ತರುವ ನೆಪದಲ್ಲಿ ತಪ್ಪಿಸಿಕೊಂಡಿದ್ದರು. ನೆನೆದ ಹುರುಳಿಯನ್ನು ಒಂದೂವರೆ ಲೀಟರಿನಷ್ಟು ನೀರಿನಲ್ಲಿ ಬೇಯಿಸಬೇಕು. ಕುಕ್ಕರಿನಲ್ಲಾದರೆ ಮೊದಲ ಸೀಟಿ ಬಂದಮೇಲೆ ಉರಿ ಸಣ್ಣಗೆ ಮಾಡಿ ಕಾಲು ಗಂಟೆ. ಕಾಳು ಹಿಸುಕಿದರೆ ನುಣ್ಣಗಾಗಬೇಕು. ಆಮೇಲೆ ನೀರನ್ನು ಬಸಿದುಕೊಳ್ಳಬೇಕು. ಈ ಕಂದು ಬಣ್ಣದ ಕಟ್ಟೇ ಸಾರಿನ ಜೀವ, ಇದನ್ನು ಚೆಲ್ಲುವವರು ಯಾರೂ ಈ ಸೀಮೆಯಲ್ಲಿ ಇರಲಾರರು. ಒಂದು ಈರುಳ್ಳಿಯನ್ನು ಕೆಂಡದಲ್ಲಿ ಸುಟ್ಟು, ಆರೇಳು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ಎರಡು ಚಮಚ ಸಾರಿನ ಪುಡಿ, ಒಂದು ಹಿಡಿ ಬೆಂದ ಹುರುಳಿ ಇವನ್ನು ಸೇರಿಸಿ ನುಣ್ಣಗೆ ರುಬ್ಬಿ ಕಟ್ಟಿಗೆ ಬೆರೆಸಬೇಕು. ತೆಂಗಿನಕಾಯಿ ಇದ್ದರೆ ಒಂದು ಚೂರು, ಇಲ್ಲದಿದ್ದರೆ ಚಿಂತೆ ಬೇಡ. ಸಣ್ಣ ನೆಲ್ಲಿಕಾಯಿಯಷ್ಟು ಹುಣಿಸೆಹಣ್ಣು ಕಿವುಚಿ ಹಾಕಿ, ಉಪ್ಪು ಸೇರಿಸಿ, ಚೆನ್ನಾಗಿ ಕುದಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟರೆ ಮುದ್ದೆಗೆ ಸಾರು ಆಯಿತು. ಬಸಿದ ಕಾಳಿಗೆ ಈರುಳ್ಳಿ, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆ ಹಾಕಿ ಕೆದಕಿ ನಿಂಬೆರಸ ಹಿಂಡಿದರೆ ಉಸಲಿ. ಬೇಯುವ ಕಾಳಿಗೆ ಕೊನೆಯಲ್ಲಿ ಒಂದು ಕಂತೆ ಹೊಲದ ಸೊಪ್ಪು ಹಾಕಿ, ಎರಡನ್ನೂ ಒಟ್ಟಿಗೆ ಬಸಿದರೆ ಅದೇ ಬಸ್ಸಾರು.

ಅಲಸಂದೆ ಬೆಳಗಿನ ಅವಸರಕ್ಕೆ ಎಲ್ಲಕ್ಕಿಂತ ವಾಸಿ. ನೆನೆಸದಿದ್ದರೂ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಬೇಯುತ್ತದೆ. ನೆನೆಸಿದ್ದರೆ ಇನ್ನೂ ಬೇಗ. ಹುರುಳಿಯನ್ನು ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ದಿನಕ್ಕೆರಡು ಸಲ ನೀರು ಚಿಮುಕಿಸಿ ಮೊಳಕೆ ಬರಿಸಿದರೆ ಅದೂ ಬೇಗ ಬೇಯುತ್ತದೆ, ಜೊತೆಗೆ ಸಿ ಜೀವಸತ್ತ್ವವೂ ಹುಟ್ಟುತ್ತದೆ. ಹಿದುಕಿದ ಬೇಳೆಯ ಸಾರಿನ ವಿಚಾರ ಬರೆಯಬೇಕೆಂದು ಕೆಲವರು ಕೇಳಿದರು. ಅದು ಅವರೆಯ ಕಾಲದ ಹಬ್ಬದ ಅಡುಗೆ. ರಾತ್ರಿಯೆಲ್ಲ ನೆನೆಸಿ ಒಂದೊಂದೇ ಕಾಳಿನ ಸಿಪ್ಪೆಯನ್ನು ಹಿದುಕುವಷ್ಟು ವ್ಯವಧಾನ ಭಾನುವಾರ ಮನೆಯವರೆಲ್ಲ ಸುತ್ತ ಕುಳಿತಾಗ ಮಾತ್ರ.

ಒಂದು ಎಚ್ಚರಿಕೆ. ಈಚೆಗೆ ಅಂಗಡಿಗಳಲ್ಲಿ ದೊಡ್ಡ ಕೆಂಪು ರಾಜ್ಮಾ ಕಾಳು ಹೆಚ್ಚಾಗಿ ಬರುತ್ತಿದೆ. ಹಸಿಯಾಗಿ ಅಥವಾ ಅರೆಬೆಂದಾಗ ಅದರಲ್ಲಿರುವ ಲೆಕ್ಟಿನ್ ಎಂಬ ವಸ್ತು ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ತರಿಸುತ್ತದೆ. ಐದು ಗಂಟೆಗಿಂತ ಹೆಚ್ಚು ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಕಡಿಮೆಯೆಂದರೂ ಅರ್ಧ ಗಂಟೆ ಕೊತಕೊತ ಕುದಿಸಿಯೇ ತಿನ್ನಬೇಕು. ಇನ್ನೊಂದು ಗೊಂದಲ ಮಕ್ಕಳದು: ನಾವು ಪಲ್ಯ ಮಾಡುವ ಬೀನ್ಸಿಗೆ ಹುರುಳಿಕಾಯಿ ಎಂಬ ಹೆಸರಿದ್ದರೂ ಅದು ಹುರುಳಿಯ ಗಿಡದ ಕಾಯಲ್ಲ. ರಾಜ್ಮಾ ಮತ್ತು ಆ ಬೀನ್ಸು ಒಂದೇ ಜಾತಿ. ಅಮೆರಿಕಾ ಖಂಡದಿಂದ ಬಂದದ್ದು. ಹುರುಳಿಯಾದರೋ ನಮ್ಮ ನೆಲದ್ದೇ.

ಇಷ್ಟೆಲ್ಲ ಶ್ರಮಪಟ್ಟು ಕಾಳನ್ನೇ ಏಕೆ ತಿನ್ನಬೇಕು ಎಂದು ಕೆಲವು ಪೋಷಕರು ಕೇಳಿದ್ದುಂಟು. ಹುರುಳಿ ಎತ್ತಿಗೆ ಹಾಕುವುದು, ಕುದುರೆಗೆ ಹಾಕುವುದು, ಮಕ್ಕಳ ಡಬ್ಬಿಗೆ ಹಾಕಿ ಕಳುಹಿಸಿದರೆ ಯಾರಾದರೂ ನಕ್ಕಾರು ಎಂಬ ಸಂಕೋಚವೂ ಇದೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ, ಒಣ ಅವರೆಯಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದೆ. ಒಂದು ಕೋಳಿಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳವಾಗಿದ್ದರೂ ಪ್ರೋಟೀನು ಏಳರ ಆಸುಪಾಸು, ಅದರಲ್ಲಿಯೂ ಲೈಸಿನ್ ಎಂಬ ಭಾಗ ಕಡಿಮೆ. ಕಾಳಿನಲ್ಲಿ ಲೈಸಿನ್ ಹೆಚ್ಚು, ಮಿಥಿಯೊನಿನ್ ಕಡಿಮೆ, ಅದು ರಾಗಿಯಲ್ಲಿದೆ. ಮುದ್ದೆಯನ್ನು ಹುರುಳಿ ಸಾರಿನಲ್ಲಿ ಅದ್ದಿದಾಗ ಎರಡರ ಕೊರತೆಯೂ ತುಂಬುತ್ತದೆ. ಉಸಲಿಗೆ ನಿಂಬೆ ಹಿಂಡಿದರೆ ಕಾಳಿನ ಕಬ್ಬಿಣ ರಕ್ತಕ್ಕೆ ಸುಲಭವಾಗಿ ಸೇರುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಸೇರದು. ಬೆಳೆಯುವ ಹೆಣ್ಣುಮಕ್ಕಳ ವಿಚಾರದಲ್ಲಿ ಇದನ್ನು ತಾಯಂದಿರು ಮುಖ್ಯವಾಗಿ ಗಮನಿಸಬೇಕು. 1982ರಲ್ಲಿ ತಮಿಳುನಾಡಿನಲ್ಲಿ ಆರಂಭವಾದ ಪೌಷ್ಟಿಕ ಊಟದ ಯೋಜನೆಯಿಂದ ಮಧ್ಯಾಹ್ನದ ಹೊತ್ತು ಶಾಲೆಯಲ್ಲಿ ಕಳೆಯುತ್ತದೆ. ಸಂಜೆಯದು ಮನೆಯ ಹೊಣೆ. ಕನಕದಾಸರ ರಾಮಧಾನ್ಯಚರಿತೆಯಲ್ಲಿ ಅಕ್ಕಿಯ ಎದುರು ವಾದಿಸಿ ರಾಗಿ ಗೆದ್ದಿತು. ಹುರುಳಿಯ ಪರವಾಗಿ ವಾದಿಸುವವರು ಇನ್ನೂ ಬರಬೇಕಾಗಿದೆ.

ಬೆಂದ ಕಾಳನ್ನು ಸಂಜೆಗೂ ಇಟ್ಟುಕೊಳ್ಳುವವರು ಬೇಸಿಗೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬಾರದು. ತಂಪು ಪೆಟ್ಟಿಗೆ ಇರುವ ಮನೆಯಲ್ಲಿ ಭಾನುವಾರ ಅರ್ಧ ಕಿಲೋ ಕಾಳು ಬೇಯಿಸಿ, ನೀರು ಬಸಿದು, ಮುಚ್ಚಿಟ್ಟರೆ ಬುಧವಾರದವರೆಗೆ ಬರುತ್ತದೆ. ಡಬ್ಬದವರು ವರ್ಷಕ್ಕೆ ಮಾಡುವುದನ್ನು ನಾವು ಮೂರು ದಿನಕ್ಕೆ ಮಾಡಿದಂತಾಯಿತು. ಅದಿಲ್ಲದ ಮನೆಯವರು ಆ ಹೊತ್ತಿಗೆ ಬೇಕಾದಷ್ಟೇ ಬೇಯಿಸುವುದು ಲೇಸು.

ಆ ಹುಡುಗಿಯ ವಿಚಾರ ಏನಾಯಿತೆಂದು ಓದುಗರು ಕೇಳಬಹುದು. ಅವಳ ಮನೆಯಲ್ಲಿ ಈಗ ರಾತ್ರಿ ಎಂಟೂವರೆಗೆ ಕಾಳು ನೆನೆಹಾಕುವುದು ತಮ್ಮನ ಕೆಲಸ. ಒಂದು ದಿನ ಮರೆತು ಅಕ್ಕನಿಂದ ಬೈಸಿಕೊಂಡನಂತೆ. ಅದಾದ ಮೇಲೆ ಮರೆತಿಲ್ಲ. ಹಾಜರಿ ಪುಸ್ತಕದಲ್ಲಿ ಮಾರ್ಚ್ ತಿಂಗಳಲ್ಲಿ ಅವಳ ಹೆಸರಿನ ಮುಂದೆ ತಡವಾದ ಗುರುತು ಎರಡೇ ಇವೆ, ಅವೆರಡೂ ಬಸ್ಸು ಬಾರದ ದಿನಗಳು. ಗಣಿತದಲ್ಲಿ ಇನ್ನೂ ಬಿಟ್ಟುಹೋದ ಎರಡು ಪಾಠ ಉಳಿದಿವೆ, ಶನಿವಾರ ಹೇಳಿಕೊಡುತ್ತಿದ್ದೇವೆ. ಉಳಿಯಿಂದ ಬಿಚ್ಚಿದ ಆ ತಗಡಿನ ಡಬ್ಬದ ಅಂಚನ್ನು ಬಡಿದು ಸಮಮಾಡಿ, ಅದರಲ್ಲಿ ಈ ವರ್ಷ ಶಾಲೆಯ ತೋಟದಲ್ಲಿ ಬಿತ್ತಲು ಅಲಸಂದೆಯ ಬೀಜವನ್ನು ಬೂದಿಯೊಡನೆ ಬೆರೆಸಿ ತುಂಬಿಟ್ಟಿದ್ದೇವೆ.